ಚೊಚ್ಚಲ ಬಾಣಂತಿಗೆ ಎದೆಹಾಲಿನ ತಯಾರಿ: ಕುಬಸದಿಂದ ಮೊದಲ ವಾರದವರೆಗೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಮುಗಿಸಿ ತವರಿಗೆ ಬಂದವಳಿಗೆ ಸುಮಾರು ಎರಡು ತಿಂಗಳು ಪುರಸೊತ್ತು ಸಿಗುತ್ತದೆ. ಎದೆಹಾಲಿನ ತಯಾರಿಗೆ ಇದೇ ಸರಿಯಾದ ಸಮಯ. ಸಾಮಾನು ಕೊಳ್ಳುವ ಕೆಲಸ ಅರ್ಧ ದಿನದ್ದು. ಹೆರಿಗೆಯಾದ ಮೇಲಿನ ಮೊದಲ ಮೂರು ದಿನ ಕೂಸಿನ ಬಾಯಿಗೆ ಏನು ಹೋಗಬೇಕು ಎಂಬುದನ್ನು ಆಸ್ಪತ್ರೆಯಲ್ಲಿ ಜೊತೆಗಿರುವ ಅವ್ವ, ಅತ್ತೆ, ಚಿಗವ್ವನ ಜೊತೆ ಈಗಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಎದೆಹಾಲು ಕೈಕೊಡುವುದು ಹೆಚ್ಚಾಗಿ ಆ ಮೂರು ದಿನಗಳಲ್ಲೇ.

ಕಾರಣ ಹೀಗಿದೆ. ಮಾಸು ಹೊರಬಿದ್ದ ಮೇಲೆ ತಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಹಾಲು ತುಂಬುವುದು ಅಲ್ಲಿಂದ ಶುರು. ಎದೆ ಭಾರವಾಗಿ ಹಾಲು ಇಳಿಯುವುದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡವಾಗಬಹುದು. ಅಲ್ಲಿಯವರೆಗೆ ಬರುವುದು ದಪ್ಪನೆಯ ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಮೊದಲ ದಿನ ಕೂಸಿಗೆ ಒಂದು ಹೊತ್ತಿಗೆ ಬೇಕಾದದ್ದು 5ರಿಂದ 7 ಮಿಲಿ, ಅಂದರೆ ಒಂದು ಟೀ ಚಮಚದಷ್ಟು. ಈ ಲೆಕ್ಕ ಗೊತ್ತಿಲ್ಲದವರು ‘ಹಾಲ ಇಳದಿಲ್ಲ, ಕೂಸು ಹಸ್ಕೊಂಡೈತಿ’ ಎಂದು ಡಬ್ಬಿ ಹಾಲು ತರಿಸುತ್ತಾರೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದಿಲ್ಲ. ಚೀಪದಿದ್ದರೆ ಎದೆ ಖಾಲಿಯಾಗುವುದಿಲ್ಲ, ಖಾಲಿಯಾಗದ ಎದೆಯಲ್ಲಿ ಹಾಲು ಹುಟ್ಟುವುದು ಕಡಿಮೆಯಾಗುತ್ತದೆ. ವಾರದಲ್ಲಿ ನಿಜವಾಗಿಯೇ ಹಾಲು ಕಡಿಮೆ ಬೀಳುತ್ತದೆ. ಆಕಳು ಈಯ್ದ ಮನೆಯಿಂದ ಗಿಣ್ಣದ ಹಾಲು ಕೇಳಿ ತರುವ ಮನೆಗಳಲ್ಲೇ ತಾಯಿಯ ಈ ಮೊದಲ ಹಾಲನ್ನು ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲುವುದುಂಟು. ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಆ ಹಾಲು. ಒಂದು ಹನಿಯೂ ಚೆಲ್ಲಬೇಡಿ.

ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು, ಔಡಲೆಣ್ಣೆ, ತೇಯ್ದ ಬಜೆ ನೆಕ್ಕಿಸುವ ರೂಢಿಯ ಬಗ್ಗೆಯೂ ಹಿರಿಯರ ಜೊತೆ ಮೊದಲೇ ಮಾತಾಡಬೇಕು. ಹೆರಿಗೆಯ ನೋವಿನ ನಡುವೆ ಯಾರ ಜೊತೆಗೂ ವಾದ ಮಾಡಲಾಗುವುದಿಲ್ಲ. ಜೇನುತುಪ್ಪದಲ್ಲಿ ಬೊಟ್ಯುಲಿಸಂ ರೋಗಾಣು ಇರಬಹುದು, ಒಂದು ವರ್ಷ ತುಂಬುವವರೆಗೆ ಅದು ಬೇಡವೇ ಬೇಡ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಏಪ್ರಿಲ್-ಮೇ ಬಿಸಿಲಿನಲ್ಲಿಯೂ ಬೇಡ. ಎದೆಹಾಲಿನ ಹೆಚ್ಚಿನ ಭಾಗ ನೀರೇ. ಡಾಕ್ಟರು ಬರೆದುಕೊಟ್ಟ ಔಷಧಿ, ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಮಾತ್ರ ಇದರಿಂದ ಹೊರಗೆ.

ಎಂಟನೇ ತಿಂಗಳ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗ ಎದೆಯನ್ನೂ ತೋರಿಸಿ. ಮನೆಯಲ್ಲಿ ನೀವೇ ನೋಡಿಕೊಳ್ಳಬಹುದು: ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ. ತೊಟ್ಟು ಮುಂದೆ ಬಂದರೆ ಸರಿ, ಒಳಗೆ ಸರಿದರೆ ಒಳಸೇರಿದ ತೊಟ್ಟು. ಹೀಗಿದ್ದರೂ ಹಾಲುಣಿಸಬಹುದು, ಏಕೆಂದರೆ ಕೂಸು ಬಾಯಿ ತುಂಬ ಹಿಡಿಯುವುದು ಕಪ್ಪು ಭಾಗವನ್ನು. ಬಸುರಿನಲ್ಲಿ ತೊಟ್ಟು ಎಳೆಯುವ ‘ವ್ಯಾಯಾಮ’ ಮಾಡಬೇಡಿ. ಅದರಿಂದ ಲಾಭವಿಲ್ಲ, ತೊಟ್ಟನ್ನು ಪದೇ ಪದೇ ತಿಕ್ಕಿದರೆ ಗರ್ಭಕೋಶ ಬಿಗಿಯುವ ಅಪಾಯವೂ ಇದೆ. ತೊಟ್ಟಿಗೆ ಸಾಬೂನು ಸಹ ಹಚ್ಚಬೇಡಿ, ಕಪ್ಪು ಭಾಗದ ಸಣ್ಣ ಗುಳ್ಳೆಗಳಿಂದ ಬರುವ ಜಿಡ್ಡು ಚರ್ಮ ಬಿರಿಯದಂತೆ ಕಾಯುತ್ತದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಪಿಸಿಓಡಿ (ಅಂಡಾಶಯದ ತೊಂದರೆ), ಎದೆಯ ಆಪರೇಷನ್, ದಿನಾ ನುಂಗುವ ಗುಳಿಗೆ, ಇವುಗಳಲ್ಲಿ ಯಾವುದಿದ್ದರೂ ಆಗಲೇ ಹೇಳಿಬಿಡಿ.

ಹೆರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಾಗಲಿ, ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಾಗಲಿ, ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಾಗಲಿ, ಖಾಸಗಿ ನರ್ಸಿಂಗ್ ಹೋಮಿನಲ್ಲಾಗಲಿ, ಮೊದಲೇ ವಿಚಾರಿಸಿಕೊಳ್ಳಿ: ಹುಟ್ಟಿದ ಕೂಡಲೇ ಕೂಸನ್ನು ಬರಿ ಎದೆಯ ಮೇಲೆ ಮಲಗಿಸುತ್ತಾರೋ? ಒಂದು ತಾಸಿನೊಳಗೆ ಹಾಲುಣಿಸಲು ಬಿಡುತ್ತಾರೋ? ಸಿಸೇರಿಯನ್ ಆದರೆ ಎಷ್ಟು ಹೊತ್ತಿಗೆ ಕೂಸು ಕೈಗೆ ಬರುತ್ತದೆ?

ಚೀಲದಲ್ಲಿ ಇಷ್ಟು ಸಾಕು: ಮುಂದೆ ಬಿಚ್ಚುವ ಎರಡು-ಮೂರು ನೈಟಿ, ತಂತಿ ಇಲ್ಲದ ಎರಡು ಹತ್ತಿ ಬ್ರಾ (ಎಂಟನೇ ತಿಂಗಳ ಅಳತೆಗಿಂತ ಒಂದು ಸೈಜ್ ದೊಡ್ಡದು), ತೊಳೆದು ಬಿಸಿಲಿಗೆ ಒಣಗಿಸಿದ ಹಳೆ ಹತ್ತಿ ಸೀರೆಯ ತುಂಡುಗಳು, ಕುದಿಸಿಟ್ಟ ಸ್ಟೀಲ್ ಬಟ್ಟಲು ಮತ್ತು ಚಮಚ ಅಥವಾ ಒಳಲೆ (ಕೂಸಿಗೆ ಹಾಲು ಹಾಕುವ ಮೂತಿಯ ಬಟ್ಟಲು). ಬಾಟಲಿ, ನಿಪ್ಪಲ್, ಡಬ್ಬಿ ಹಾಲು ‘ಇರಲಿ’ ಎಂದು ಇಟ್ಟುಕೊಳ್ಳಬೇಡಿ. ಕೈಗೆ ಸಿಗುವಂತಿದ್ದರೆ ನಡುರಾತ್ರಿ ಅದೇ ಹೊರಬರುತ್ತದೆ.

ಬಾಯಿ ಹಿಡಿಸುವುದು

ಇದೊಂದನ್ನು ಹೆರಿಗೆಗೆ ಮುಂಚೆ ಬಟ್ಟೆಯ ಗೊಂಬೆ ಹಿಡಿದು ಅಭ್ಯಾಸ ಮಾಡಿದರೂ ತಪ್ಪಿಲ್ಲ. ಬೆನ್ನಿಗೆ ಗೋಡೆ ಅಥವಾ ದಿಂಬು ಕೊಟ್ಟು ಕೂಡಿ. ನೀವು ಕೂಸಿನ ಕಡೆ ಬಗ್ಗಬಾರದು, ಕೂಸನ್ನೇ ಎದೆಯ ಮಟ್ಟಕ್ಕೆ ಎತ್ತಿ. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ. ಕುತ್ತಿಗೆ ತಿರುಗಿದ್ದರೆ ನುಂಗಲಾಗುವುದಿಲ್ಲ. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಇಟ್ಟು ಎದೆಗೆ ಆಸರೆ ಕೊಡಿ, ಬೆರಳು ಕಪ್ಪು ಭಾಗದಿಂದ ದೂರವಿರಲಿ. ಎರಡು ಬೆರಳ ನಡುವೆ ತೊಟ್ಟು ಸಿಕ್ಕಿಸಿ ಹಿಡಿದರೆ ಹಾಲಿನ ದಾರಿ ಒತ್ತಿಹೋಗುತ್ತದೆ.

ತೊಟ್ಟು ಕೂಸಿನ ಮೂಗಿನ ನೇರಕ್ಕಿರಲಿ, ಅದರಿಂದ ಮೇಲ್ತುಟಿ ಸವರಿ. ಆಕಳಿಸುವಷ್ಟು ಬಾಯಿ ತೆರೆಯುವವರೆಗೆ ಕಾಯಿರಿ, ತೆರೆದ ಕ್ಷಣ ಕೂಸನ್ನು ಎದೆಗೆ ಒತ್ತಿಕೊಳ್ಳಿ. ಸರಿಯಾಗಿ ಹಿಡಿದರೆ ಗದ್ದ ಎದೆಗೆ ತಾಗಿರುತ್ತದೆ, ಕೆಳತುಟಿ ಹೊರಗೆ ಮಡಚಿರುತ್ತದೆ, ಕೆನ್ನೆ ಉಬ್ಬಿರುತ್ತದೆ, ಕಪ್ಪು ಭಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಕೆನ್ನೆ ಒಳಗೆ ಹೋಗಿ ಚಪ್ಪರಿಸುವ ಸದ್ದು ಬಂದರೆ ಬರಿ ತೊಟ್ಟು ಚೀಪುತ್ತಿದೆ ಎಂದರ್ಥ. ತೊಟ್ಟು ಬಿರಿಯುವುದು ಹೀಗೆಯೇ. ಆಗ ಎಳೆದು ಬಿಡಿಸಬೇಡಿ. ಸ್ವಚ್ಛ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ, ಹಿಡಿತ ಸಡಿಲಿಸಿ ಮತ್ತೆ ಹಿಡಿಸಿ. ಹೊಲಿಗೆ ನೋವಿದ್ದರೆ ಮಗ್ಗುಲಾಗಿ ಮಲಗಿ ಉಣಿಸಬಹುದು.

ತೊಟ್ಟು ಒಳಸೇರಿದ್ದರೆ ಹೆರಿಗೆಯ ನಂತರ ಸಿರಿಂಜ್ ಉಪಾಯ ಬಹಳ ಸಲ ಕೆಲಸಕ್ಕೆ ಬರುತ್ತದೆ, ನರ್ಸ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. 10 ಅಥವಾ 20 ಮಿಲಿಯ ಹೊಸ ಸಿರಿಂಜಿನ ಸೂಜಿ ಕಡೆಯ ತುದಿ ಕತ್ತರಿಸಿ, ಒಳಗಿನ ತಳ್ಳುವ ಕಡ್ಡಿಯನ್ನು ಹೊರತೆಗೆದು ಕತ್ತರಿಸಿದ ಕಡೆಯಿಂದ ತೂರಿಸಬೇಕು. ನುಣುಪಾದ ಕಡೆ ತೊಟ್ಟಿನ ಮೇಲಿಟ್ಟು ನೋವಾಗದಷ್ಟೇ ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿಯಬೇಕು. ತೆಗೆದ ಕೂಡಲೇ ಕೂಸಿಗೆ ಬಾಯಿ ಹಿಡಿಸಬೇಕು.

ಕೂಸು ಹಿಡಿಯದಿದ್ದರೆ

ಕಮ್ಮಿ ತೂಕದ ಕೂಸು, ನಿದ್ದೆಗಣ್ಣಿನ ಕೂಸು ಮೊದಲ ದಿನ ಚೀಪದೆ ಇರಬಹುದು. ಕೈಯಿಂದ ಹಿಂಡಿ ಚಮಚದಲ್ಲಿ ಕೊಡಿ. ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನಿಂದ ಎರಡು-ಮೂರು ಸೆಂಟಿಮೀಟರ್ ಹಿಂದಿಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದಿರಬಹುದು, ಆಮೇಲೆ ಹಳದಿ ಹನಿಗಳು ತೊಟ್ಟಿನ ತುದಿಯಲ್ಲಿ ಕೂಡುತ್ತವೆ. ಎರಡು-ಮೂರು ತಾಸಿಗೊಮ್ಮೆ ಹೀಗೆ ಮಾಡುತ್ತಿದ್ದರೆ ಹಾಲು ಇಳಿಯುವುದು ತಡವಾಗುವುದಿಲ್ಲ.

ಹಗಲು-ರಾತ್ರಿ ಸೇರಿ 8ರಿಂದ 12 ಸಲ ಉಣಿಸಬೇಕು. ಮೂರು ತಾಸಾದರೂ ಏಳದಿದ್ದರೆ ಬಟ್ಟೆ ಬಿಚ್ಚಿ, ಅಂಗಾಲು ತಿಕ್ಕಿ ಎಬ್ಬಿಸಿ. ಐದೇಶಿ (ಐದನೇ ದಿನದ ಶಾಸ್ತ್ರ) ದಿನ, ತೊಟ್ಟಿಲ ಕಾರ್ಯದ ದಿನ ಮನೆ ತುಂಬ ಮಂದಿ ಇರುತ್ತಾರೆ, ಕೂಸು ಕೈಯಿಂದ ಕೈಗೆ ಹೋಗಿ ಎರಡು-ಮೂರು ಹೊತ್ತು ತಪ್ಪುತ್ತದೆ, ಮರುದಿನ ಎದೆ ಕಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಕೂಸನ್ನು ಬಾಣಂತಿ ಕೋಣೆಗೆ ತಂದುಕೊಡುವ ಕೆಲಸ ಒಬ್ಬರಿಗೆ ವಹಿಸಿಡಿ. ಎದೆ ಕಟ್ಟಿ ಗಟ್ಟಿಯಾದರೆ ಉಣಿಸುವ ಮುಂಚೆ ಸ್ವಲ್ಪ ಹಿಂಡಿ ಕಪ್ಪು ಭಾಗ ಮೆತ್ತಗೆ ಮಾಡಿ, ಉಣಿಸಿದ ಮೇಲೆ ತಣ್ಣನೆ ಬಟ್ಟೆ ಇಡಿ. ಕೆಂಪಾಗಿ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಉಣಿಸುವುದನ್ನು ನಿಲ್ಲಿಸಬೇಡಿ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬಿಡಬೇಕು, ನೀರಡಿಕೆಯಾದಷ್ಟೂ ಕುಡಿಯಲಿ. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ರೊಟ್ಟಿ, ಬೇಳೆ ಎಲ್ಲ ಒಳ್ಳೆಯದೇ, ಆದರೆ ಹಾಲು ಹೆಚ್ಚಿಸುವುದು ಮುಖ್ಯವಾಗಿ ಕೂಸು ಚೀಪುವುದು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಹೆರಿಗೆಯ ನಂತರವೂ 180 ದಿನ ನುಂಗಬೇಕು, ಎರಡನ್ನೂ ಒಟ್ಟಿಗೆ ನುಂಗಬಾರದು. ಹೊರಸಿನ ಕೆಳಗೆ ಕೆಂಡ ಇಟ್ಟು ಹೊಗೆ ಹಾಕುವುದು ಕೂಸಿನ ಉಸಿರಿಗೆ ಒಳ್ಳೆಯದಲ್ಲ.

ಹಾಲು ಸಾಲುತ್ತಿದೆಯೋ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆ ಎಣಿಸಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದನೇ ದಿನದ ಮೇಲೆ ಆರು ಅಥವಾ ಹೆಚ್ಚು. ಮಲದ ಬಣ್ಣ ಕಪ್ಪಿನಿಂದ ಹಸಿರಾಗಿ, ಐದನೇ ದಿನದ ಹೊತ್ತಿಗೆ ಹಳದಿಯಾಗಬೇಕು. ತೂಕ ಮೊದಲು ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ, ತೂಕ ನೋಡಿಸಿ, ಉಣಿಸುವುದನ್ನು ಅವರ ಎದುರಿಗೇ ತೋರಿಸಿ. ಶೇಕಡಾ 10ಕ್ಕಿಂತ ಹೆಚ್ಚು ತೂಕ ಇಳಿದರೆ, ಒದ್ದೆ ಬಟ್ಟೆ ಕಡಿಮೆಯಾದರೆ, ಅಂಗೈ-ಅಂಗಾಲು ಹಳದಿಯಾದರೆ, ಎಬ್ಬಿಸಿದರೂ ಕೂಸು ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.