ಕ್ಯಾಮೆರಾ ರಾತ್ರಿ ಮಬ್ಬಾದರೆ ಮೊದಲು ಪೊರಕೆ ಹಿಡಿಯಿರಿ

ನಮ್ಮವರಿಗೆ ಗೋವಾದ ವಾಸ್ಕೋ ಬಂದರಿನಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಬಂದರೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅದಕ್ಕೇ ಹಾವೇರಿಯಿಂದ ಇಲ್ಲಿಗೆ ಬಂದ ಎರಡನೇ ವರ್ಷ ಗೇಟಿನ ಕಡೆಗೆ ಒಂದು ಕ್ಯಾಮೆರಾ ಹಾಕಿಸಿದೆವು. ಹಗಲು ಚಿತ್ರ ಸ್ವಚ್ಛವಾಗಿ ಬರುತ್ತಿತ್ತು. ಕಳೆದ ವರ್ಷ ಚವತಿ ಮುಗಿದ ವಾರವೇ ಯಾರೋ ರಾತ್ರಿ ಬಂದು ಸ್ಕೂಟಿಯ ಪೆಟ್ರೋಲ್ ಎಳೆದುಕೊಂಡು ಹೋದರು. ಬೆಳಿಗ್ಗೆ ರೆಕಾರ್ಡಿಂಗ್ ನೋಡಿದರೆ ಹಾಲು ಚೆಲ್ಲಿದಂಥ ಬಿಳುಪು, ಅದರಾಚೆ ಒಂದು ಆಕಾರ. "ದೆವ್ವ ಇರಬೇಕು ನೋಡವಾ" ಎಂದರು ಅತ್ತೆ. ಕ್ಯಾಮೆರಾ ಹಾಕಿದ ಹುಡುಗನನ್ನು ಕರೆಸಿದರೆ, "ಇದು ಹಳೇದಾಯ್ತು, 4ಕೆ ಹಾಕಿಸಿ" ಎಂದ. 4ಕೆ ಅಂದರೆ ಜಾಸ್ತಿ ಪಿಕ್ಸೆಲ್ಲಿನ ಕ್ಯಾಮೆರಾ. ಹಾಕಿಸಲಿಲ್ಲ. ಸರಿ ಮಾಡಿಕೊಂಡದ್ದು ಹೀಗೆ.

ಮುಸ್ಸಂಜೆ ಕ್ಯಾಮೆರಾದಿಂದ 'ಟಿಕ್' ಅಂತ ಸದ್ದು ಬರುತ್ತದಲ್ವಾ? ಲೆನ್ಸಿನ ಹಿಂದೆ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಫಿಲ್ಟರ್ ಪಕ್ಕಕ್ಕೆ ಸರಿದ ಸದ್ದು ಅದು. ಆಮೇಲೆ ಚಿತ್ರ ಕಪ್ಪು ಬಿಳುಪಾಗುತ್ತದೆ, ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ (ಐಆರ್) ದೀಪ ಹಚ್ಚಿಕೊಳ್ಳುತ್ತದೆ. ಈ ಬೆಳಕು ನಮ್ಮ ಕಣ್ಣಿಗೆ ಹೆಚ್ಚೂಕಮ್ಮಿ ಕಾಣುವುದಿಲ್ಲ. ಆದರೆ ಹತ್ತಿರದಲ್ಲಿ ಏನಿದ್ದರೂ ಅದಕ್ಕೆ ಬಡಿದು ಲೆನ್ಸಿಗೇ ವಾಪಸ್ ಬರುತ್ತದೆ. ಅನಮೋಡ ಘಾಟಿನ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆಯೇ ಮಾಯವಾಗುತ್ತದೆ ನೋಡಿ, ಅದೇ ಕಥೆ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಆ್ಯಪ್ ತೆರೆದು ಐಆರ್ ಆಫ್ ಮಾಡಿ. ಬಿಳಿ ಮಬ್ಬು ಹೋಗಿ ಬರೀ ಕಪ್ಪು ಉಳಿದರೆ ಕ್ಯಾಮೆರಾ ಕೆಟ್ಟಿಲ್ಲ, ಬೆಳಕು ಎಲ್ಲಿಗೋ ಬಡಿದು ತಿರುಗಿ ಬರುತ್ತಿದೆ ಎಂದರ್ಥ. ಮತ್ತೆ ಆನ್ ಮಾಡಿ, ಸ್ಟೂಲ್ ಹಾಕಿಕೊಂಡು ಹತ್ತಿ, ಲೆನ್ಸಿನ ಹತ್ತಿರ ಏನಿದೆ ನೋಡಿ. ಈ ಕೆಲಸ ರಾತ್ರಿಯೇ ಮಾಡಬೇಕು. ಹಗಲು ಎಲ್ಲವೂ ಸರಿಯಾಗೇ ಕಾಣುತ್ತದೆ.

ನಮ್ಮಲ್ಲಿ ಮೂರು ಕಳ್ಳರು ಸಿಕ್ಕಿದರು. ಒಂದು, ಜೇಡರ ಬಲೆ. ದೀಪದ ಹತ್ತಿರ ಹುಳ ಬರುತ್ತವೆ, ಹುಳ ತಿನ್ನಲು ಜೇಡ ಬರುತ್ತದೆ. ಯಾರೋ ಹೇಳಿದರೆಂದು ನಾನು ಸುತ್ತ ಬೇವಿನೆಣ್ಣೆ ಹಚ್ಚಿದೆ. ಒಂದು ತೊಟ್ಟು ಗಾಜಿಗೆ ತಾಗಿ ಚಿತ್ರ ಇನ್ನೂ ಹಾಳಾಯ್ತು. ಈಗ ಪ್ರತಿ ಭಾನುವಾರ ಪೊರಕೆ, ಅಷ್ಟೇ. ಎರಡನೆಯದು ಗೋಡೆ. ಚವತಿಗೆಂದು ಬಿಳಿ ಬಣ್ಣ ಹೊಡೆಸಿದ್ದೆವು. ಚಿತ್ರದ ಅಂಚಿನಲ್ಲಿ ಅದೇ ಗೋಡೆ ಝಗ್ ಅಂತ ಹೊಳೆಯುತ್ತಿತ್ತು. ಬೆಳಕು ಜಾಸ್ತಿ ಇದೆ ಅಂತ ಕ್ಯಾಮೆರಾ ಇಡೀ ಚಿತ್ರವನ್ನೇ ಕಪ್ಪಾಗಿಸುತ್ತಿತ್ತು. ಕ್ಯಾಮೆರಾವನ್ನು ನಾಲ್ಕು ಬೆರಳು ಹೊರಗೆ ತಂದು ಸ್ವಲ್ಪ ತಿರುಗಿಸಿದೆವು. ಮೂರನೆಯದು ದಾಸವಾಳದ ಗಿಡ. ಹಸಿರು ಎಲೆ ಇನ್‌ಫ್ರಾರೆಡ್‌ನಲ್ಲಿ ಸುಣ್ಣ ಬಳಿದ ಹಾಗೆ ಬಿಳಿಯಾಗಿ ಕಾಣುತ್ತದೆ. ಮುಂದೆ ಬಾಗಿದ್ದ ಎರಡು ರೆಂಬೆ ಕತ್ತರಿಸಿದೆ. ಅಂದಹಾಗೆ ಬಟ್ಟೆಯನ್ನೂ ನಂಬಬೇಡಿ. ಕೆಲವು ಕಪ್ಪು ಬಟ್ಟೆಗಳು ರಾತ್ರಿ ರೆಕಾರ್ಡಿಂಗ್‌ನಲ್ಲಿ ಬಿಳಿಯಾಗಿ ಕಾಣುತ್ತವೆ. "ಬಿಳಿ ಅಂಗಿಯವನು" ಅಂತ ಬೀದಿಯೆಲ್ಲ ಹೇಳಿಕೊಂಡು ಬಂದು ಆಮೇಲೆ ನಾಚಿಕೊಂಡವಳು ನಾನು.

ಸಮುದ್ರದ ಊರಿನಲ್ಲಿ ಗಾಜಿನ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಒಣ ಬಟ್ಟೆಯಿಂದ ತಿಕ್ಕಬೇಡಿ, ಗೀರು ಬೀಳುತ್ತದೆ. ಗೀರಿಗೂ ಬೆಳಕು ಚದುರುತ್ತದೆ. ಮೊದಲು ಸಾದಾ ನೀರು ಚಿಮುಕಿಸಿ, ಆಮೇಲೆ ಕನ್ನಡಕ ಒರೆಸುವ ಬಟ್ಟೆ. ಅರ್ಧ ಚೆಂಡಿನಂಥ ಮುಚ್ಚಳದ ಡೋಮ್ ಕ್ಯಾಮೆರಾ ಆಗಿದ್ದರೆ ಲೆನ್ಸಿನ ಸುತ್ತಲಿನ ಸ್ಪಂಜಿನ ಉಂಗುರ ಮುಚ್ಚಳಕ್ಕೆ ಅಂಟಿಕೊಂಡಿದೆಯಾ ನೋಡಿ. ಸಡಿಲವಾದರೆ ಐಆರ್ ಒಳಗಿನಿಂದಲೇ ಲೆನ್ಸಿಗೆ ಸೋರುತ್ತದೆ.

ಇಷ್ಟಾದರೂ ಗೇಟಿನ ಬಳಿ ಮುಖ ತಿಳಿಯಲಿಲ್ಲ. ಡಬ್ಬಿಯ ಮೇಲೆ 30 ಮೀಟರ್ ಎಂದು ಬರೆದಿತ್ತು. ಅಷ್ಟು ದೂರಕ್ಕೆ ಯಾರೋ ಇದ್ದಾರೆ ಎಂದು ಗೊತ್ತಾಗಬಹುದು, ಯಾರೆಂದು ಗೊತ್ತಾಗುವುದಿಲ್ಲ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಕಾಲು ಭಾಗ. ಅದಕ್ಕೆ ಗೇಟಿನ ಪಕ್ಕವೇ ಬೇರೆ ಐಆರ್ ದೀಪ ಹಾಕಿಸಿದೆವು. ಬೆಳಕಿನ ತರಂಗಾಂತರ 850 ನ್ಯಾನೊಮೀಟರ್ ಇರುವ ದೀಪ ಸ್ವಲ್ಪ ಕೆಂಪಾಗಿ ಕಾಣುತ್ತದೆ, ಆದರೆ ದೂರ ಹೋಗುತ್ತದೆ. 940ರದು ಕಣ್ಣಿಗೆ ಕಾಣುವುದೇ ಇಲ್ಲ, ದೂರವೂ ಕಡಿಮೆ. ನಾವು ತಂದದ್ದು 850. ಕ್ಯಾಮೆರಾದ ಸ್ವಂತ ದೀಪ ಆರಿಸಿದೆ. ಹುಳಗಳು ಲೆನ್ಸು ಬಿಟ್ಟು ಅಲ್ಲಿಗೆ ಹೋದವು. ದೀಪ ಉರಿಯುತ್ತಿದೆಯಾ ಎಂಬ ಅನುಮಾನ ಬಂದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬೆಳಕು ಕಾಣುತ್ತದೆ.

ರಾತ್ರಿ ಮಾತ್ರ ಕ್ಯಾಮೆರಾ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ನೋಡಿ. ಐಆರ್ ಹಚ್ಚಿಕೊಂಡಾಗ ಕರೆಂಟ್ ಜಾಸ್ತಿ ಬೇಕು. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಇಳಿದುಬಿಡುತ್ತದೆ. ಮೊದಲಿನಷ್ಟೇ ವೋಲ್ಟಿನ, ಆದರೆ ಹೆಚ್ಚು ಆಂಪಿಯರಿನ ಅಡಾಪ್ಟರನ್ನು ಕ್ಯಾಮೆರಾ ಹತ್ತಿರ ಹಾಕಿಸಿ, ಮಳೆ ತಾಗದ ಜಾಗದಲ್ಲಿ.

4ಕೆ ಬಗ್ಗೆ ಒಂದು ಮಾತು. ಬೆಳಕು ಹಿಡಿದು ಚಿತ್ರ ಮಾಡುವ ಅಷ್ಟೇ ಸಣ್ಣ ಸೆನ್ಸರಿನಲ್ಲಿ ಪಿಕ್ಸೆಲ್ ಹೆಚ್ಚಿಸಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಮ್ಮಿ. ಕೊಳ್ಳುವುದೇ ಆದರೆ ಸೆನ್ಸರ್ ದೊಡ್ಡದಿದೆಯಾ, ಲೆನ್ಸಿನ ಎಫ್ ಸಂಖ್ಯೆ ಚಿಕ್ಕದಿದೆಯಾ ಕೇಳಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಹಾಗಾಗಿ 2.0ಕ್ಕಿಂತ 1.0 ಒಳ್ಳೆಯದು.

ಕೊನೆಗೆ ಉಳಿದದ್ದು ಆ ದೆವ್ವ. ನಿಂತವರು ಸ್ಪಷ್ಟ, ನಡೆದರೆ ಮೈಯೆಲ್ಲ ಬಾಲ. ಕತ್ತಲಲ್ಲಿ ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಅದರ ಫಲ ಇದು. ಸೆಟ್ಟಿಂಗ್‌ನಲ್ಲಿ ಸ್ಲೋ ಶಟರ್ ಆಫ್ ಮಾಡಿ, 1/25 ಸೆಕೆಂಡಿಗೆ ಇಟ್ಟೆ. ಚಿತ್ರ ಒಂಚೂರು ಕಪ್ಪಾಯ್ತು. ಆ ರಾತ್ರಿ ಅತ್ತೆಯನ್ನೇ ಅಂಗಳದಲ್ಲಿ ನಡೆಸಿ ನೋಡಿದೆ. ಮೂಗುತಿವರೆಗೂ ಕಂಡಿತು.