ಹೊಸದಾಗಿ ಲ್ಯಾಬ್‌ಗೆ ಬರುವ ಡಿಗ್ರಿ ವಿದ್ಯಾರ್ಥಿಗಳಿಗೆ ಮೊದಲು ಏನು ಕಲಿಸಬೇಕು?

ಜೀವಶಾಸ್ತ್ರದ ಲ್ಯಾಬ್‌ನಲ್ಲಿ ಡಿಗ್ರಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರಿಗೆ ಒಂದು ಸಲಹೆ. ಬಂದ ವಾರವೇ ಹೊಸ ಪ್ರಾಜೆಕ್ಟ್ ಕೊಡಬೇಡಿ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗ ಮಾಡಿಸಿ. ಆಗ ಫಲಿತಾಂಶ ಬರದಿದ್ದರೆ ಎಲ್ಲಿ ಎಡವಿದ್ದಾರೆ ಅಂತ ಹುಡುಕುವುದು ಸುಲಭ.

ಶುರು ಪಿಪೆಟ್‌ನಿಂದಲೇ (ದ್ರವವನ್ನು ಅಳತೆಯಂತೆ ಎಳೆದು ಹಾಕುವ ಸಾಧನ) ಆಗಲಿ. ತೂಕದ ಯಂತ್ರದ ಮೇಲೆ ಖಾಲಿ ಟ್ಯೂಬ್ ಇಟ್ಟು ಸೊನ್ನೆ ಮಾಡಿ, 100 ಮೈಕ್ರೋಲೀಟರ್ ನೀರು ಹಾಕಿಸಿ. ಸುಮಾರು 0.1 ಗ್ರಾಂ ತೋರಿಸಬೇಕು. ಹೀಗೆ 10 ಸಲ ಮಾಡಿ, ಅಂಕಿಗಳನ್ನು ಅವರೇ ಬರೆದುಕೊಳ್ಳಲಿ. ಏರುಪೇರು ಜಾಸ್ತಿ ಇದ್ದರೆ ನೀವು ಹೇಳುವುದೇ ಬೇಡ, ಅವರಿಗೇ ಕಾಣುತ್ತದೆ. ಬಟನ್ ಅನ್ನು ಎರಡನೇ ಹಂತದವರೆಗೆ ಒತ್ತಿ ನೀರು ಎಳೆಯುವುದು, ಹೆಬ್ಬೆರಳನ್ನು ಪಟ್ಟನೆ ಬಿಡುವುದು, ಈ ಎರಡು ತಪ್ಪುಗಳನ್ನು ಮಾಡುತ್ತಿದ್ದಾರಾ ಅಂತ ಗಮನಿಸಿ.

ಆಮೇಲೆ ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಣುಕಿನ ಬಹಳಷ್ಟು ಪ್ರತಿಗಳನ್ನು ಮಾಡುವ ವಿಧಾನ. ಡಿಎನ್‌ಎ ಹಾಕದ ಟ್ಯೂಬ್ ಒಂದು ಯಾಕೆ ಬೇಕು ಅಂತ ಅವರನ್ನೇ ಕೇಳಿ. ಜೆಲ್‌ನಲ್ಲಿ (ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ನೋಡುವ ಪದರ) ಆ ಟ್ಯೂಬ್‌ಗೂ ಬ್ಯಾಂಡ್, ಅಂದರೆ ಡಿಎನ್‌ಎಯ ಗೆರೆ, ಬಂದರೆ ಏನರ್ಥ? ಯೋಚಿಸಲು ಸಮಯ ಕೊಡಿ, ಅವಸರಪಟ್ಟು ನೀವೇ ಉತ್ತರ ಹೇಳಬೇಡಿ. ಕಂಟ್ರೋಲ್ (ಹೋಲಿಸಿ ನೋಡಲು ಇಡುವ ಇಂಥ ಟ್ಯೂಬ್) ಯಾಕೆ ಅಂತ ಅರ್ಥವಾದವರು ಮುಂದೆ ತಮ್ಮದೇ ಪ್ರಯೋಗ ರೂಪಿಸಬಲ್ಲರು.

ಲ್ಯಾಬ್ ನೋಟ್‌ಬುಕ್ ಆಯಾ ದಿನವೇ ಬರೆಯಲಿ. ಕೆಟ್ಟುಹೋದ ಜೆಲ್‌ನ ಫೋಟೋವನ್ನೂ ಅಂಟಿಸಲಿ. ವಾರಕ್ಕೊಮ್ಮೆ ಕೂತು ನೀವು ಓದಿ. ಯಾರೂ ಓದದ್ದನ್ನು ಅವರಾದರೂ ಯಾಕೆ ಬರೆಯಬೇಕು, ಅಲ್ವಾ?

ಪರೀಕ್ಷೆ ಸಮಯದಲ್ಲಿ ಕರೆಯಬೇಡಿ. ಸುಮ್ನೆ ಗಾಜಿನ ಸಾಮಾನು ತೊಳೆಯಲು ಅವರನ್ನು ಇಟ್ಟುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಸಂಶೋಧನಾ ಪೇಪರ್‌ನಲ್ಲಿ ಹೆಸರು ಸೇರಲು ಎಷ್ಟು ಕೆಲಸ ಮಾಡಿರಬೇಕು ಅನ್ನುವುದನ್ನು ಶುರುವಿನಲ್ಲೇ ಬಿಚ್ಚಿ ಮಾತಾಡಿಕೊಳ್ಳಿ.