‘ಆರು ವಾರ ಬಿಟ್ಟು ಬರ್ರಿ’ ಅಂದರೆ ಯಾವತ್ತು?

ಅಥಣಿಯ ನನ್ನ ಝೆರಾಕ್ಸ್ ಅಂಗಡಿಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಝೆರಾಕ್ಸ್ ಮಾಡಿಸಲು ಬಂದವರು ಕಾಗದ ಕೈಗೆ ಬರುವ ತನಕ ಅದರ ಮುಂದೆ ನಿಂತು ಬೆರಳು ಮಡಚುತ್ತಾರೆ. ಮೊಮ್ಮಗುವಿನ ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ಹಿಡಿದ ಅಜ್ಜಿ, ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿಸಿ ಬಂದ ದ್ರಾಕ್ಷಿ ಬೆಳೆಗಾರ, ಸಂಘದ ಸಾಲದ ಪುಸ್ತಕ ಹಿಡಿದ ಅಕ್ಕಂದಿರು. ಇಂಥ ದಿನದಿಂದ ಇಷ್ಟು ವಾರ ಅಂದರೆ ಯಾವ ತಾರೀಖು ಎನ್ನುವುದೇ ಎಲ್ಲರ ಪ್ರಶ್ನೆ. ಕೂಡಿಸಲು ಯಾರಿಗೂ ಬಾರದೇ ಇಲ್ಲ. ಎಲ್ಲಿಂದ ಎಣಿಸಬೇಕು ಅನ್ನುವಲ್ಲಿ ಎಡವುತ್ತಾರೆ.

ಮೊದಲು ಶುರುವಿನ ತಾರೀಖು, ಅದರ ವಾರದ ಹೆಸರು, ಎಷ್ಟು ವಾರ, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ವಾರವನ್ನು ತಿಂಗಳಿಗೆ ತಿರುಗಿಸಲು ಹೋಗಬೇಡಿ. ‘ಹನ್ನೆರಡು ವಾರ ಅಂದ್ರ ಮೂರ ತಿಂಗಳಲ್ಲೇನ್ರಿ’ ಅನ್ನುವವರಿಗೆ ನನ್ನ ಉತ್ತರ, ಅಲ್ಲ. ಹನ್ನೆರಡು ವಾರಕ್ಕೆ 84 ದಿನ. ಮೂರು ತಿಂಗಳಿಗೆ 89ರಿಂದ 92 ದಿನ.

ಎರಡನೆಯ ಹಂತದಲ್ಲೇ ಎಲ್ಲರೂ ಜಾರುವುದು. ಶುರುವಿನ ದಿನ ಸೊನ್ನೆ, ಒಂದಲ್ಲ. ಇವತ್ತು ಸೋಮವಾರ ಇದ್ದರೆ ‘ಒಂದು’ ಎಂದು ಬೆರಳು ಮಡಚಬೇಕಾದದ್ದು ಮುಂದಿನ ಸೋಮವಾರಕ್ಕೆ.

ತಪ್ಪಿಗೆ ಅರ್ಧ ಕಾರಣ ನಮ್ಮ ಮಾತು. ‘ಎಂಟ ದಿನಾ ಬಿಟ್ಟ ಬರ್ರಿ’ ಅಂದರೆ ನಮ್ಮಲ್ಲಿ ಒಂದು ವಾರ, ‘ಹದಿನೈದ ದಿನ’ ಅಂದರೆ ಎರಡು ವಾರ. ಈ ಸೋಮವಾರ, ಆ ಸೋಮವಾರ ಎರಡನ್ನೂ ಹಿಡಿದು ಎಣಿಸಿದರೆ ಎಂಟು ಆಗುತ್ತದೆ, ಹದಿನೈದು ಆಗುತ್ತದೆ. ಹಿರಿಯರ ಲೆಕ್ಕ ಸುಳ್ಳಲ್ಲ. ಕೂಸಿನ ತೊಟ್ಟಿಲ ಕಾರ್ಯಕ್ಕೆ ಹುಟ್ಟಿದ ದಿನವೇ ಒಂದು, ದಿನಕರ್ಮಕ್ಕೆ ತೀರಿಕೊಂಡ ದಿನವೇ ಒಂದು. ಅಲ್ಲಿ ಅದೇ ಸರಿ. ಆದರೆ ಆಸ್ಪತ್ರೆಯ ಚೀಟಿಗೆ ಆ ಎಣಿಕೆ ಒಗ್ಗುವುದಿಲ್ಲ. ಕೋರ್ಟಿಗೂ ಅಷ್ಟೇ: 1963ರ ಲಿಮಿಟೇಶನ್ ಆ್ಯಕ್ಟಿನ 12ನೇ ಕಲಮು, ಅವಧಿ ಯಾವ ದಿನದಿಂದ ಶುರುವೋ ಆ ದಿನವನ್ನು ಕೈಬಿಟ್ಟೇ ಎಣಿಸಬೇಕು ಅನ್ನುತ್ತದೆ. ವಾರಕ್ಕೆ ಎಂಟು ದಿನ ಎಂದೇ ಹಿಡಿದು, ಆರೆಂಟ್ಲೆ ನಲವತ್ತೆಂಟು ಎಂದು ಲೆಕ್ಕ ಹಾಕಿದವರನ್ನೂ ನೋಡಿದ್ದೇನೆ. ನಲವತ್ತೆಂಟು ದಿನಕ್ಕೆ ಹೆಚ್ಚುಕಡಿಮೆ ಏಳು ವಾರವೇ ಆಗಿಹೋಯಿತು.

ಊರಿಗೆ ಬುದ್ಧಿ ಹೇಳುವ ನಾನೂ ಹೀಗೇ ಕೆಟ್ಟವನು. ಅವ್ವನ ಕಣ್ಣಿನ ಪೊರೆ ತೆಗೆಸಿದ ಮೇಲೆ, ಚಾಳೀಸಿನ ನಂಬರಿಗೆ ಆರು ವಾರ ಬಿಟ್ಟು ಬನ್ನಿ ಅಂದಿದ್ದರು. ಆಪರೇಷನ್ ಆದ ದಿನವನ್ನೇ ಒಂದು ಎಂದು ಹಿಡಿದೆ. ಮಿರಜಿನ ತನಕ ಬಸ್ಸಿನಲ್ಲಿ ಕರಕೊಂಡು ಹೋದರೆ, ಕೌಂಟರಿನ ಹುಡುಗಿ ಚೀಟಿ ನೋಡಿ, ‘ಅಣ್ಣಾರ, ಇನ್ನೂ ಐದ ವಾರ ಆಗೇದ್ರಿ’ ಅಂದಳು. ವಾಪಸು ಬರುವ ದಾರಿಯುದ್ದಕ್ಕೂ ಅವ್ವ ನನ್ನ ಕೂಡ ಮಾತಾಡಲಿಲ್ಲ.

ಮೂರನೆಯದು, ಹತ್ತು ವಾರದೊಳಗಿನ ಲೆಕ್ಕವಾದರೆ ಕ್ಯಾಲೆಂಡರಿನಲ್ಲೇ ಮುಗಿಸಿ. 2026ರ ಆಗಸ್ಟ್ 3, ಸೋಮವಾರ ಕೂಸು ಹುಟ್ಟಿತು ಎಂದಿಟ್ಟುಕೊಳ್ಳೋಣ. ಆರು ವಾರ ತುಂಬಿದ ಮೇಲಿನ ಲಸಿಕೆಗೆ ತಾರೀಖು ಬೇಕು. ಸೋಮವಾರದ ಮನೆಗಳ ಮೇಲೆ ಮಾತ್ರ ಬೆರಳಿಡಿ, ಮತ್ತೆಲ್ಲೂ ನೋಡಬೇಡಿ. ಆಗಸ್ಟ್ 10 ಒಂದು, 17 ಎರಡು, 24 ಮೂರು, 31 ನಾಲ್ಕು, ಸೆಪ್ಟೆಂಬರ್ 7 ಐದು, 14 ಆರು.

ಇಲ್ಲೊಂದು ಗುಂಡಿ ಇದೆ. ಆ ಆಗಸ್ಟ್ ಶನಿವಾರ ಶುರುವಾಗುವುದರಿಂದ ತಿಂಗಳಿಗೆ ಆರು ಸಾಲು ಬೇಕು. ಐದೇ ಸಾಲಿನ ಅಗ್ಗದ ಕ್ಯಾಲೆಂಡರುಗಳು 23ರ ಮನೆಯಲ್ಲೇ 30ನ್ನೂ, 24ರ ಮನೆಯಲ್ಲೇ 31ನ್ನೂ ಇರುವೆ ಗಾತ್ರದ ಅಕ್ಷರದಲ್ಲಿ ತುರುಕಿರುತ್ತವೆ. ಬೆರಳು 24ರಿಂದ ನೇರ ಸೆಪ್ಟೆಂಬರ್ 7ಕ್ಕೆ ಜಿಗಿಯುತ್ತದೆ, ಒಂದು ವಾರ ಮಾಯ. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು ಅಂತ ಇಂಥದ್ದನ್ನು ಗೋಡೆಗೆ ಹಾಕಬೇಡಿ. ತಾರೀಖಿಗಿಂತ ದೇವರ ಫೋಟೋನೇ ದೊಡ್ಡದಿರುತ್ತದೆ. ಸಾಲುಗಳನ್ನು ಎಣಿಸುವವರದು ಇನ್ನೊಂದು ಪಜೀತಿ. ತಿಂಗಳ ಕೊನೆಯ ಮುರುಕು ಸಾಲು, ಮುಂದಿನ ತಿಂಗಳ ಮೊದಲ ಮುರುಕು ಸಾಲು ಎರಡೂ ಸೇರಿ ಒಂದೇ ವಾರ. ಅವರು ಎರಡೆಂದು ಹಿಡಿಯುತ್ತಾರೆ.

ದೂರದ ಲೆಕ್ಕವಾದರೆ ಕಾಗದ ಬೇಕು. ದ್ರಾಕ್ಷಿಯವರ ಉದಾಹರಣೆ ತೆಗೆದುಕೊಳ್ಳಿ. 2026ರ ಅಕ್ಟೋಬರ್ 12, ಸೋಮವಾರ ಚಾಟ್ನಿ. ಹದಿನೆಂಟು ವಾರಕ್ಕೆ ಮಾಲು ತಯಾರು ಎಂಬ ಅಂದಾಜಿನಲ್ಲಿ ಶೆಡ್ಡು, ಆಳು ಎಲ್ಲ ಗೊತ್ತುಮಾಡಬೇಕು. ಹದಿನೆಂಟನ್ನು ಏಳರಿಂದ ಗುಣಿಸಿ, 126. ಅದಕ್ಕೆ ತಾರೀಖಿನ 12 ಕೂಡಿಸಿ, 138. ಈಗ ಬಿಟ್ಟು ಹೊರಟ ತಿಂಗಳ ದಿನಗಳನ್ನು ಒಂದೊಂದಾಗಿ ಕಳೆಯಿರಿ. ಅಕ್ಟೋಬರಿನ 31 ಹೋದರೆ 107, ನವೆಂಬರಿನ 30 ಹೋದರೆ 77, ಡಿಸೆಂಬರಿನ 31 ಹೋದರೆ 46, ಜನವರಿಯ 31 ಹೋದರೆ 15. ಫೆಬ್ರವರಿಯ 28 ಅದರಲ್ಲಿ ಹೋಗುವುದಿಲ್ಲ, ನಿಲ್ಲಿಸಿ. ಉತ್ತರ 2027ರ ಫೆಬ್ರವರಿ 15. ‘ನಾಲ್ಕೂವರೆ ತಿಂಗಳು’ ಎಂದು ಹಿಡಿದವರು ಫೆಬ್ರವರಿ 27ಕ್ಕೆ ಆಳು ಕರೆಸುತ್ತಾರೆ. ಹಣ್ಣು ಗಿಡದಲ್ಲೇ ಹನ್ನೆರಡು ದಿನ ಹೆಚ್ಚು ನಿಂತಿರುತ್ತದೆ.

ಕಾಲಿಡುವ ತಿಂಗಳನ್ನಲ್ಲ, ಬಿಡುವ ತಿಂಗಳನ್ನು ಕಳೆಯಬೇಕು. ಮೂವತ್ತೋ ಮೂವತ್ತೊಂದೋ ಎಂಬ ಅನುಮಾನ ಬಂದರೆ ಮುಷ್ಟಿ ಕಟ್ಟಿ: ಗಿಣ್ಣಿನ ಮೇಲೆ ಬಂದ ತಿಂಗಳಿಗೆ 31, ತಗ್ಗಿಗೆ ಬಂದದ್ದಕ್ಕೆ ಕಡಿಮೆ. ಜುಲೈ ಕೊನೆಯ ಗಿಣ್ಣು. ಆಗಸ್ಟ್ ಮತ್ತೆ ಮೊದಲ ಗಿಣ್ಣಿನಿಂದಲೇ ಶುರು.

ಸಂಘದ ಸಾಲದವರಿಗೆ ಒಂದು ಅಡ್ಡದಾರಿ ಹೇಳುತ್ತೇನೆ. 52 ವಾರಕ್ಕೆ 364 ದಿನ, ಅಂದರೆ ಬರುವ ವರ್ಷದ ಅದೇ ತಾರೀಖಿಗೆ ಒಂದು ದಿನ ಕಡಿಮೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಕಡಿಮೆ; ಮುಂದಿನದು 2028ರಲ್ಲಿದೆ. ವಾರಕ್ಕೊಂದರಂತೆ ಕಟ್ಟುವ ಸಾಲದ ಮೊದಲ ಕಂತು 2026ರ ಆಗಸ್ಟ್ 3ಕ್ಕೆ ಕಟ್ಟಿದರೆ 50ನೇ ಕಂತು ಯಾವಾಗ? ಮೊದಲನೆಯದು ಸೊನ್ನೆಯ ದಿನವೇ ಕಟ್ಟಿ ಆಗಿದೆ, ಆದ್ದರಿಂದ ಮುಂದೆ ಹೋಗಬೇಕಾದದ್ದು 49 ವಾರ. 52 ವಾರಕ್ಕೆ 2027ರ ಆಗಸ್ಟ್ 2. ಅಲ್ಲಿಂದ ಮೂರು ವಾರ ಹಿಂದೆ ಬಂದರೆ ಜುಲೈ 12.

ಬಂದ ಉತ್ತರವನ್ನು ತಾಳೆ ನೋಡಿ. ಸೋಮವಾರ ಹೊರಟ ಲೆಕ್ಕ ಸೋಮವಾರವೇ ನಿಲ್ಲಬೇಕು. ಮಂಗಳವಾರ ಬಂದರೆ ಯಾವುದೋ ತಿಂಗಳ ದಿನ ತಪ್ಪಿದೆ. ಆದರೆ ಇಡೀ ಒಂದು ವಾರವೇ ತಪ್ಪಿದ್ದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ, ಅದೂ ಸೋಮವಾರವೇ ತಾನೆ! ಅದಕ್ಕೇ ನಾನು ಬೆರಳಿನದೂ ಕಾಗದದ್ದೂ ಎರಡೂ ಮಾಡುತ್ತೇನೆ.

ಮೊಬೈಲಿನಲ್ಲಿ ಮಾಡಬಾರದೇ ಅನ್ನುವಿರಿ. ಮಾಡಿ. ಎಕ್ಸೆಲ್‌ನಲ್ಲಿ ತಾರೀಖಿನ ಖಾನೆಗೆ 126 ಕೂಡಿಸಿದರೆ ಆಯಿತು. ಆದರೆ ಸೆಟ್ಟಿಂಗ್ ಅಮೆರಿಕದ್ದಿದ್ದರೆ 12/10 ಎಂಬುದನ್ನು ಅದು ಡಿಸೆಂಬರ್ 10 ಎಂದು ಓದುತ್ತದೆ, ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ತಾರೀಖಿನ ಲೆಕ್ಕಕ್ಕೇ ಅಂತ ಬರುವ ಆ್ಯಪುಗಳು ಬೇಡ. ಏಳರ ಮಗ್ಗಿ ಹೇಳಲು ಅವಕ್ಕೆ ನಮ್ಮ ಬಳಗದವರ ಫೋನ್ ನಂಬರು ಯಾಕೆ ಬೇಕು?

ಕೊನೆಗೆ, ಬಂದ ತಾರೀಖಿಗೆ ಬಾಗಿಲು ತೆರೆದಿರುತ್ತದೆಯೇ ನೋಡಿ. ನಮ್ಮ ಕೂಸಿನ ಸೆಪ್ಟೆಂಬರ್ 14 ಗಣೇಶ ಚೌತಿ. ನಮ್ಮ ಕಡೆ ಲಸಿಕೆ ಹಾಕುವುದು ಗುರುವಾರ. ಹಬ್ಬಕ್ಕೆ ಮೊದಲೇ ಮುಗಿಸಿಬಿಡೋಣ ಎಂದು 10ಕ್ಕೆ ಹೋದರೆ ಆರು ವಾರ ತುಂಬಿಲ್ಲವೆಂದು ಆಶಾ ಅಕ್ಕ ತಿರುಗಿ ಕಳಿಸುತ್ತಾಳೆ. 17ಕ್ಕೇ ಹೋಗಿ.